ಭಾವನ ನೀಲಿ ಪುಡಿ, ಅಕ್ಕನ ಕುಂಕುಮ

ನಮ್ ಭಾವ ಹಾಕೋ ಅಷ್ಟು ಪ್ರೆಷರ್‌ನ ಇಡೀ ಯಲಹಂಕದಲ್ಲಿ ಯಾರೂ ಹಾಕಲ್ಲ, ಬರೆದಿಟ್ಕೊಳ್ಳಿ. ಆದ್ರೆ ಒಂದು ತೆಂಗಿನಕಾಯಿ ಒಡೀರಿ ಅಂದ್ರೆ ಅಕ್ಕನ ಮುಖ ನೋಡ್ತಾರೆ!

ಅವರ ಕೆಲ್ಸ ಲ್ಯಾಬಲ್ಲಿ. ಪ್ರಷ್ಯನ್ ಬ್ಲೂ ಅಂತ ಪೇಂಟಿಗೆ ಹಾಕೋ ನೀಲಿ ಇದ್ಯಲ್ಲ, ಅದರ ದಾಯಾದಿ ಪುಡಿಗಳು ಒಂದಷ್ಟಿವೆ. ಸಿಕ್ಕಾಪಟ್ಟೆ ತಣ್ಣಗೆ ಮಾಡಿದ್ರೆ ಅವು ಅಯಸ್ಕಾಂತ ಆಗ್ತವೆ. ಚಿಟಿಕೆ ಪುಡೀನ ಹೆಬ್ಬೆಟ್ಟಿನಷ್ಟಿರೋ ಲೋಹದ ಕೊಳವೆಗೆ ತುಂಬಿ, ಸ್ಕ್ರೂ ತಿರುಗಿಸಿ ಒತ್ತೋದು. ಒತ್ತಿದಾಗ ಆ ಅಯಸ್ಕಾಂತ ಏನಾಯ್ತು ಅಂತ ನೋಡೋದು. ಮದ್ವೆಗೆ ಮುಂಚಿಂದ ಇದೇ! ನಮ್ಮಪ್ಪ ಊರೋರಿಗೆಲ್ಲ ಹೇಳಿದ್ದಿಷ್ಟೇ: "ಅಳಿಯಂದ್ರು ಪುಡಿ ಇಸುಕ್ತಾರೆ. ಸಂಬ್ಳ ಕೊಡ್ತಾರಂತೆ."

ಒಂದ್ಸಲ ಹೆಬ್ಬಾಳದಲ್ಲಿ ತುಂಬಿದ ಬಸ್ ಹತ್ತಿದ್ವಿ. ಫುಟ್‌ಬೋರ್ಡಲ್ಲೇ ಶುರುವಾಯ್ತು ಭಾವನ ಪಾಠ. ಈ ಬಸ್ಸೇ ಪುಡಿ, ಎಲ್ಲರೂ ಒಂದೇ ಕಡೆ ಮುಖ ಮಾಡಿ ನಿಂತ್ರೆ ಅದೇ ಅಯಸ್ಕಾಂತ ಅಂತೆ. ಕೆಲವು ಪುಡೀಲಿ ಒತ್ತಿದಷ್ಟೂ ಸಾಲು ಗಟ್ಟಿಯಾಗತ್ತಂತೆ. ಭಾವನ ಪುಡೀಲಿ ಮಾತ್ರ ಒತ್ತಿದ್ರೆ ಎಲೆಕ್ಟ್ರಾನ್ ಎದ್ದು ಪಕ್ಕದ ಸೀಟಿಗೆ ಹೋಗ್ಬಿಡತ್ತೆ, ಅಯಸ್ಕಾಂತದ ಗುಣಾನೇ ಮಾಯ.

"ಎದ್ದು ಸೀಟು ಬಿಡೋರು ಈ ರೂಟಲ್ಲಿಲ್ಲ ಸಾರ್, ಒಳಗೆ ನಡೀರಿ" ಅಂದ ಕಂಡಕ್ಟರ್.

ಆ ಕೊಳವೇನ ರಜ ಬಂದಾಗೆಲ್ಲ ಮನೆಗೆ ತರ್ತಾರೆ, ಹಲ್ಲುಕಡ್ಡಿಗೆ ಹತ್ತಿ ಸುತ್ಕೊಂಡು ಉಜ್ಜೋಕೆ. ಮಕ್ಕಳ ಕಿವೀನ ಒಂದಿನಾನೂ ಹಾಗೆ ಉಜ್ಜಲಿಲ್ಲ ಅಂತ ಅಕ್ಕನ ದೂರು. ಹೋದ ವರ್ಷ ಆಯುಧ ಪೂಜೆ ದಿನಾನೂ ಮನೇಲಿತ್ತು. ಅಕ್ಕ ಬಿಡ್ತಾಳಾ? ಸ್ಕೂಟರು, ಮಿಕ್ಸಿ, ಈಳಿಗೆಮಣೆ ಜೊತೆ ಅದಕ್ಕೂ ಧಾರಾಳವಾಗಿ ಕುಂಕುಮ ಮೆತ್ತಿದ್ಲು. ಭಾವ ಮಾರನೇ ದಿನ ಒರೆಸಿ, ಲ್ಯಾಬಲ್ಲಿ ಪುಡಿ ತುಂಬಿ, ಒತ್ತಿದ್ರು.

ಆಶ್ಚರ್ಯ! ಪೂರ್ತಿ ಒತ್ತಿದ್ರೂ ಅಯಸ್ಕಾಂತ ಸ್ವಲ್ಪ ಉಳ್ಕೊಂಡಿದೆ! ಯಾರ ಪುಡೀಲೂ ಹಾಗಾಗಿರ್ಲಿಲ್ಲ. ಭಾವ ಮೈಸೂರ್ ಪಾಕ್ ಹಂಚಿದ್ರು. ಈ ರಿಸಲ್ಟ್ ನಿಂತ್ರೆ ಸ್ವಂತ ಲ್ಯಾಬು, ಬಿದ್ರೆ ಇನ್ನೊಬ್ಬರ ರೂಮಿನ ಮೂಲೆ ಟೇಬಲ್ಲೇ ಗತಿ. ರಿಸಲ್ಟ್ ತೋರಿಸೋಕೆ ಮೀಟಿಂಗ್ ಫಿಕ್ಸ್ ಆಯ್ತು.

ಮೀಟಿಂಗಿಗೆ ಮುಂಚೆ ಯಾಕೋ ಅನುಮಾನ ಬಂದು, ಪುಡಿ ತೆಗೆದು ಬರೀ ಕೊಳವೆ ಅಳೆದ್ರು. ಮೊದ್ಲೇ ಮಾಡ್ಬೇಕಿದ್ದ ಕೆಲ್ಸ, ಹಬ್ಬದ ಗಡಿಬಿಡೀಲಿ ಬಿಟ್ಟಿದ್ರು. ಖಾಲಿ ಕೊಳವೇನೂ ಅಯಸ್ಕಾಂತ! ಭೂತಗನ್ನಡಿ ಹಿಡಿದ್ರೆ ಸ್ಕ್ರೂ ಸಂದೀಲಿ ಕೆಂಪು. ನಮ್ ಮೂಲೆ ಅಂಗಡಿ ಕುಂಕುಮದಲ್ಲಿ ಕಬ್ಬಿಣದ ಪುಡಿ ಬೆರೆತಿತ್ತಂತೆ.

ಭಾವ ಎಲ್ಲರ ಮುಂದೆ ನಿಂತು, ಕ್ಲೀನ್ ಮಾಡಿದ್ದು ಸರಿಯಿಲ್ಲ, ತಪ್ಪು ನಂದು ಅಂದ್ರಂತೆ. ಸ್ವಂತ ಲ್ಯಾಬ್ ಕೈತಪ್ಪಿ ಹೋಯ್ತು. ಕುಂಕುಮದ ವಿಷಯ ಹೇಳಿದ್ದು ನನಗೊಬ್ಬಳಿಗೆ.

"ಹೆಂಡ್ತಿ ಹಚ್ಚಿದ್ದು ಅಂತ ಅನ್ಬಹುದಿತ್ತಲ್ಲ ಭಾವ?"

"ಹಚ್ಚೋದು ಅವಳ ಕೆಲ್ಸ. ಒರೆಸೋದು ನಂದು. ಅವಳಿಗೆ ಹೇಳ್ಬೇಡಮ್ಮ."

ಈ ವರ್ಷ ಕೊಳವೆ ಲ್ಯಾಬಲ್ಲೇ ಇರತ್ತೆ ಅನ್ಕೊಂಡಿದ್ದೆ. ಪೂಜೆ ಹೊತ್ತಿಗೆ ಅಕ್ಕ ಕೂಗಿದ್ಲು, "ಎಲ್ರೀ ನಿಮ್ ಕೊಳವೆ?"

ಭಾವ ಜೇಬಿಂದ ತೆಗೆದು, ತಾವೇ ಮಿಕ್ಸಿ ಪಕ್ಕ ಇಟ್ರು. ಅಕ್ಕ ಮೆತ್ತಿದ್ಲು.

ಅವಳು ಅಡುಗೆಮನೆಗೆ ಹೋದ್ಮೇಲೆ ಭಾವ ಕೊಳವೆ ಹಿಡ್ಕೊಂಡು ಬಾಲ್ಕನೀಲಿ ಕೂತ್ರು. ನಾನು ಒದ್ದೆ ಬಟ್ಟೆ ಕೊಡೋಕೆ ಹೋದೆ, ತಗೊಳ್ಳಲಿಲ್ಲ. ಹಣೆಗೆ ಏನೂ ಇಡದೇ ಇಷ್ಟು ವರ್ಷ ಅಕ್ಕನ ಹತ್ರ ಬೈಸ್ಕೊಂಡ ಮನುಷ್ಯ, ಆ ಕುಂಕುಮಾನ ಬೆರಳಲ್ಲಿ ಮೆಲ್ಲಗೆ ತೆಗೆದು ಹಣೆಗಿಟ್ಕೊಂಡ್ರು. ಆಮೇಲೆ ಸ್ಕ್ರೂ ಸಂದಿಗೆ ಹಲ್ಲುಕಡ್ಡಿ ಹಾಕಿದ್ರು.

ಪಾಯಸ ತಂದ ಅಕ್ಕ ನಿಂತೇಬಿಟ್ಲು. "ಇದೇನ್ರೀ, ಹಣೇಲಿ?"

"ನೀನು ಜಾಸ್ತಿ ಹಚ್ಚಿದ್ದೆ ಕಣೇ. ಒರೆಸಿ ಬಿಸಾಕೋಕೆ ಮನಸ್ಸಾಗ್ಲಿಲ್ಲ."