ಎರಡು ಜಡೆಯ ಕಾನೂನು

ಬಲೆ ಕತ್ತರಿಸುವ ಕತ್ತರಿಯಿಂದ ಮಗಳ ಕೂದಲು ಕತ್ತರಿಸಬಾರದೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಹಾಗಾಗಿ ತ್ರಾಸಿಯ ಚಂದು ಭಾನುವಾರ ಸಂಜೆ ಆ ಕೆಲಸವನ್ನು ಮಾಡಿಯೇಬಿಟ್ಟ. ಅವನದು ಬಲೆ ರಿಪೇರಿಯ ಕಸುಬು. ಒಂಬತ್ತನೇ ಕ್ಲಾಸಿನ ಮಗಳು ಪ್ರೇಕ್ಷಾ ಶಾಲೆಯ ಕಬಡ್ಡಿ ತಂಡದ ರೈಡರ್. ಕಳೆದ ಪಂದ್ಯದಲ್ಲಿ ಎದುರಾಳಿಯೊಬ್ಬಳು ಇವಳ ಜಡೆ ಹಿಡಿದು ಎಳೆದು ಕೆಡವಿದ್ದಳು. ಸರಿಯಾಗಿ ಅದೇ ಹೊತ್ತಿಗೆ ಅಂಪೈರ್ ಮುಖದ ಬೆವರು ಒರೆಸಿಕೊಳ್ಳುತ್ತಿದ್ದರು.

"ಅಪ್ಪಯ್ಯ, ಕುತ್ತಿಗಿವರೆಗೆ ಕತ್ರಿಸಿ" ಎಂದಳು ಮಗಳು. ಅಪ್ಪ ಕತ್ತರಿಸಿದ. ಹೆಂಡತಿ ಸರೋಜ ಸಿಟ್ಟಿನಲ್ಲಿ ಎರಡು ಹೊತ್ತು ಮಾತು ಬಿಟ್ಟಳು. ಚಂದುವಿಗೆ ಅದೇನೂ ದೊಡ್ಡ ನಷ್ಟ ಅನ್ನಿಸಲಿಲ್ಲ.

ಸೋಮವಾರ ಒಂಬತ್ತೂವರೆಗೆ ಶಾಲೆಯಿಂದ ಫೋನು ಬಂತು, ಕೂಡಲೇ ಬರಬೇಕಂತೆ. ಚಂದು ಓಡಿದ. ಹೆಡ್ ಮೇಡಂ ಪ್ರಫುಲ್ಲಾ ಅವರ ಕೋಣೆಯಲ್ಲಿ ಪ್ರೇಕ್ಷಾ ಗೋಡೆಗೊರಗಿ ನಿಂತಿದ್ದಳು.

"ಎಂತ ಮರ್ರೆ ಇದ್? ಹೆಣ್ಮಕ್ಳ್ ಎರಡ್ ಜಡಿ ಹಾಯ್ಕಂಡ್, ಕಪ್ಪ್ ರಿಬ್ಬನ್ ಕಟ್ಕಂಡ್ ಬರ್ಕ್ ಅಂದೇಳಿ ಬೋರ್ಡಲ್ ಬರ್ದಿತ್. ನಿಮ್ಮ್ ಹೆಣ್ಣಿನ್ ಜಡಿ ಎಲ್ಲಿತ್?"

"ಕಡ್ಲಿಗ್ ಹೋಯ್ತ್ ಮೇಡಂ."

"ಹಾಂಗಾರೆ ಬೈಂದೂರ್ ಬಸ್ಸೂ ಹೋಯ್ತ್ ಅಂದೇಳಿ ತಿಳ್ಕಣಿ. ಹನ್ನೊಂದ್ ಗಂಟಿಗ್ ಟೀಮ್ ಫೈನಲ್ಲಿಗ್ ಹೊರಡ್ತ್. ಶಿಸ್ತಿಲ್ದ್ ಹೆಣ್ಣನ್ನ ನಾನ್ ಕರ್ಕಂಡ್ ಹೋಪುದಿಲ್ಲೆ."

ಮಗಳ ಕಣ್ಣು ತುಂಬಿತು. ಮೂರು ತಿಂಗಳಿಂದ ಬೆಳಿಗ್ಗೆ ಐದಕ್ಕೆದ್ದು ಮರಳಲ್ಲಿ ಓಡಿ ಅಭ್ಯಾಸ ಮಾಡಿದ ಹುಡುಗಿ. ಚಂದು ಮೇಡಂ ಮುಖ ನೋಡಲಾಗದೆ ಗೋಡೆಯ ಬೋರ್ಡು ಓದತೊಡಗಿದ. ಹುಡುಗಿಯರಿಗೆ ಹದಿನಾಲ್ಕು ನಿಯಮಗಳಿದ್ದವು: ಜಡೆ, ರಿಬ್ಬನ್ನು, ಬಳೆ, ಮದರಂಗಿ, ಹೂವು, ವೇಲಿನ ಪಿನ್ನಿನವರೆಗೂ. ಹುಡುಗರಿಗೆ ಒಂದೇ: 'ಶಿಸ್ತಾಗಿರಬೇಕು.' ಆಗಲೇ ಕಿಟಕಿಯಾಚೆ ಹತ್ತನೇ ಕ್ಲಾಸಿನ ಹುಡುಗನೊಬ್ಬ ಹುಂಜದ ಜುಟ್ಟಿನಂಥ ಕೆಂಪು ಕೂದಲು ಹೊತ್ತುಕೊಂಡು ಬಲು ಶಿಸ್ತಾಗಿ ಹಾದುಹೋದ.

"ಅವ್ನಿಗ್ ಎಂತದೂ ಇಲ್ಯಾ ಮೇಡಂ?" ಪ್ರೇಕ್ಷಾ ಕೇಳಿದಳು. "ನಮ್ಗ್ ಹದ್ನಾಲ್ಕ್, ಅವ್ರಿಗ್ ಒಂದಾ?"

"ಕಂಡ್ರ್ಯಾ ಚಂದು ಅವ್ರೆ, ಇವ್ಳ್ ಬಾಯಿ?" ಎಂದರು ಮೇಡಂ.

ಮಗಳ ಬಾಯಿ ಹದಿನೈದನೇ ನಿಯಮವಾಗುವ ಮೊದಲೇ ಚಂದು ನಡುವೆ ಹಾರಿದ. "ಹನ್ನೊಂದ್ ಗಂಟಿ ಒಳ್ಗೆ ಜಡಿ ತತ್ತೆ ಮೇಡಂ!" ತಾನು ಒಪ್ಪಿಕೊಂಡದ್ದು ಏನೆಂದು ಅವನಿಗೆ ಹೊಳೆದದ್ದು ಗೇಟು ದಾಟಿದ ಮೇಲೆ.

ಗೇಟಿನೆದುರು ಮೀನು ಮಾರುವ ಬಾಗಿ ಎಂಬಾಕೆ ಬುಟ್ಟಿ ಇಳಿಸಿ ಕೂತಿದ್ದಳು. ಊರಿನ ಸುದ್ದಿ ಅವಳನ್ನು ಕೇಳದೆ ಮುಂದಕ್ಕೆ ಹೋದದ್ದೇ ಇಲ್ಲ.

"ಹ್ವಾಯ್ ಚಂದು, ಹೆಣ್ಣನ್ನ ಶಾಲಿಂದ ತೆಗ್ದ್ರಂಬ್ರ್?"

"ತೆಗೀಲಿಲ್ಲೆ ಬಾಗಕ್ಕ. ಜಡಿ ಬೇಕಂಬ್ರ್."

"ಕರಿಬೇವಿನ್ ಎಣ್ಣಿ ಹಾಕ್ ಮಗ, ಬೆಳೀತ್."

"ಹನ್ನೊಂದ್ ಗಂಟಿ ಒಳ್ಗಾ?"

"ಅಷ್ಟ್ ಗ್ಯಾರಂಟಿ ನಾನ್ ಕೊಡುದಿಲ್ಲೆ" ಎಂದಳು ಬಾಗಿ. ಒಂದು ಬಂಗುಡೆಯನ್ನು ತಿರುವಿಹಾಕಿ ಯೋಚಿಸಿದಳು. "ಆಟದ್ ರಾಜೀವನ ಹತ್ರ ಚವರಿ ಇತ್ತಲೆ, ಕೇಣ್!"

ರಾಜೀವಣ್ಣ ಯಕ್ಷಗಾನದಲ್ಲಿ ಮೂವತ್ತು ವರ್ಷ ಸ್ತ್ರೀವೇಷ ಹಾಕಿದವರು. ಜಡೆಗೆ ಸೇರಿಸುವ ಕಟ್ಟುಕೂದಲು, ಅದೇ ಆ ಚವರಿ, ಅವರ ಪೆಟ್ಟಿಗೆಯಲ್ಲಿ ಎರಡಿದ್ದವು. ಕತೆ ಕೇಳಿ ಅವರು ಮೀಸೆ ತಿರುವಿ ನಕ್ಕರು.

"ಗಂಡ್ಸ್ ನಾನ್ ಜಡಿ ಹಾಯ್ಕಂಡ್ರೆ ಸನ್ಮಾನ, ಹೆಣ್ಣ್ ಜಡಿ ತೆಗ್ದ್ರೆ ಶಿಕ್ಷಿ. ತಕಂಡ್ ಹೋಗ್ ಮಾರಾಯ. ಜಾಗ್ರತಿ, ಇದ್ ನನ್ ವೇಷದ್ ಮೂರ್ ಜನ ರಾಣಿಯರ್ದ್ ಕೂದ್ಲ್."

ಶಾಲೆಗೆ ಓಡಿ ಬಂದಾಗ ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಚಂದುವಿಗೆ ಜಡೆ ಹೆಣೆಯುವುದು ತಿಳಿಯದು. ತಿಳಿದದ್ದು ಬಲೆಯ ಗಂಟು ಮಾತ್ರ. ಜೇಬಿನಲ್ಲಿದ್ದ ನೈಲಾನ್ ದಾರ ತೆಗೆದು, ಮಗಳ ಮೋಟುಗೂದಲಿಗೆ ಚವರಿ ಸೇರಿಸಿ, ಕೊಡ್ಡಾಯಿ ಮೀನಿನ ಬಲೆಗೆ ಹಾಕುವ ಗಂಟನ್ನೇ ಎರಡೂ ಕಡೆ ಬಿಗಿದ. ಜಡೆಗಳು ಮೊಣಕಾಲಿಗೆ ಬಂದವು. ಮಡಚಿ ರಿಬ್ಬನ್ನು ಕಟ್ಟಿದರೂ ಸೊಂಟ ಬಿಡಲಿಲ್ಲ.

"ಈಗ ಹೆಣ್ಣಂಗ್ ಕಾಂತ್" ಎಂದರು ಮೇಡಂ ತೃಪ್ತಿಯಿಂದ. "ನೀವೂ ಬಸ್ ಹತ್ತಿ. ದಾರ್ಯಂಗೆ ಬಿಚ್ಚಿದ್ರೆ ಕಟ್ಟುಕ್ ಜನ ಬೇಕಲೆ."

ಬಿಚ್ಚುವ ಗಂಟಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈಂದೂರಿನ ಮೈದಾನದಲ್ಲಿ ಹುಡುಗಿಯರ ಉಗುರು, ಪಿನ್ನು ಪರೀಕ್ಷಿಸುತ್ತ ಬಂದ ಅಂಪೈರ್ ಅಮ್ಮ ಪ್ರೇಕ್ಷಾಳ ಮುಂದೆ ನಿಂತು ಹೌಹಾರಿದರು.

"ಎಂತ ಹೆಣ್ಣೇ ಇದ್, ಹಗ್ಗವಾ? ತಿರ್ಗಿದ್ರೆ ಇನ್ನೊಬ್ರ ಕಣ್ಣಿಗ್ ಹೊಡೀತ್. ತೆಗ್ದ್ರೆ ಆಟ, ಇಲ್ದಿದ್ರೆ ಹೊರ್ಗೆ."

ಚಂದು ಬಿಚ್ಚಲು ಕೂತ. ಪಿ.ಟಿ. ಮಾಸ್ಟ್ರು ಎಳೆದರು. ಮೇಡಂ ಹಲ್ಲಿನಿಂದ ಕಚ್ಚಿಯೂ ನೋಡಿದರು. ತೂಫಾನಿಗೇ ಬಿಚ್ಚಿಕೊಳ್ಳದ ಗಂಟು ಹೆಡ್ ಮೇಡಂಗೆ ಹೆದರುತ್ತದೆಯೇ? ಅಂಪೈರ್ ವಾಚು ನೋಡಿಕೊಂಡರು. ಕೊನೆಗೆ ಔಷಧದ ಪೆಟ್ಟಿಗೆಯ ಕತ್ತರಿ ತರಿಸಿ ಚಂದುವೇ ಗಂಟಿನ ಮೇಲಿಂದ ಕತ್ತರಿಸಿದ. ಚವರಿ ಕೈಗೆ ಬಂತು. ಮಗಳ ಕೂದಲು ಕಿವಿಯ ಮೇಲಕ್ಕೆ ಏರಿತು. ಮೇಡಂ ಕಣ್ಣು ಮುಚ್ಚಿಕೊಂಡರು.

ಫೈನಲಿನಲ್ಲಿ ಎದುರಿನವರ ಕೈ ನಾಲ್ಕು ಸಲ ಪ್ರೇಕ್ಷಾಳ ತಲೆಯತ್ತ ಬಂದು ನಾಲ್ಕು ಸಲವೂ ಗಾಳಿ ಹಿಡಿದು ವಾಪಸಾಯಿತು. ಕೊನೆಯ ರೈಡಿನಲ್ಲಿ ಅವಳು ಇಬ್ಬರನ್ನು ಮುಟ್ಟಿ ಗೆರೆಯ ಮೇಲೆ ಬಿದ್ದಳು. ಒಂದು ಪಾಯಿಂಟಿನ ಗೆಲುವು! ಚಂದು ಎಲ್ಲರೆದುರೇ ಅತ್ತುಬಿಟ್ಟ.

"ಹೆಣ್ಮಕ್ಳಿಗೆ ಕೂದ್ಲ್ ಗಿಡ್ಡ ಮಾಡ್ಸುದ್ ಲಾಯ್ಕ್ ಐಡಿಯಾ ಮೇಡಂ" ಎಂದರು ಕಪ್ ಕೊಟ್ಟ ಅತಿಥಿಗಳು.

ಮೇಡಂ ಕ್ಯಾಮೆರಾದ ಕಡೆ ತಿರುಗಿದರು. "ನಮ್ಮ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಮೊದಲಿನಿಂದಲೂ ಪೂರ್ತಿ ಸ್ವಾತಂತ್ರ್ಯ."

ವಾಪಸು ಬರುವ ಬಸ್ಸಿನಲ್ಲಿ ಚಂದು ಹಾಯಾಗಿ ಕಾಲು ಚಾಚಿದ್ದ. ಹದಿನಾಲ್ಕರಲ್ಲಿ ಒಂದಾದರೂ ತೊಲಗಿತಲ್ಲ! ಮರವಂತೆ ಹತ್ತಿರವಾದಾಗ ಮೇಡಂ ಕಂಬಿ ಹಿಡಿದು ಎದ್ದು ನಿಂತರು.

"ಎಲ್ರೂ ಕೇಣಿ. ಒಂದ್ನೇ ನಿಯಮ ಬದ್ಲಾಯ್ತ್. ನಾಳಿಂದ ಹೆಣ್ಮಕ್ಳ್ ಎಲ್ಲ ಕಡ್ಡಾಯ ಕಿವಿ ಮೇಲಿನ್ವರೆಗೆ ಕೂದ್ಲ್ ಕತ್ರಿಸ್ಕಣ್ಕ್. ಜಡಿ ಕಂಡ್ರೆ ಗೇಟಿಂದ್ಲೇ ವಾಪಸ್. ಚಂದು ಅವ್ರೆ, ಬೆಳಿಗ್ಗೆ ಎಂಟಕ್ಕೆ ಕತ್ರಿ ಹಿಡ್ಕಂಡ್ ಬನಿ. ನೂರ್ ಹನ್ನೆರಡ್ ತಲಿ ಇತ್."

ಉದ್ದ ಜಡೆಯ ಹನ್ನೊಂದು ಹುಡುಗಿಯರು ಒಟ್ಟಿಗೆ ತಿರುಗಿ ಚಂದುವನ್ನು ನೋಡಿದ ನೋಟಕ್ಕೆ ಅವನು ಸೀಟಿನಲ್ಲೇ ಕುಗ್ಗಿದ. ನಾಳೆ ಇವರ ಅಮ್ಮಂದಿರು ಮನೆಗೇ ಬರುತ್ತಾರೆ, ಬರಿಗೈಯಲ್ಲಂತೂ ಬರುವುದಿಲ್ಲ.

"ಗಂಡ್ಮಕ್ಳಿಗೆ ಮೇಡಂ?" ಪ್ರೇಕ್ಷಾ ಕೇಳಿದಳು.

"ಅವ್ರ್ ಶಿಸ್ತಾಗಿದ್ರೆ ಸಾಕ್."

ಮಗಳು ಮಡಿಲಲ್ಲಿದ್ದ ಕಪ್ಪನ್ನು ಪಕ್ಕಕ್ಕಿಟ್ಟಳು. ಚಂದುವಿನ ಕೈಯಿಂದ ಚವರಿಯ ಕಟ್ಟು ಎಳೆದುಕೊಂಡು, ಅವನ ಕಿವಿಯ ಹತ್ತಿರ ಬಾಗಿದಳು.

"ಅಪ್ಪಯ್ಯ, ಇದನ್ನ ರಾಜೀವ ಮಾವಂಗೆ ಈಗ್ಳೇ ವಾಪಸ್ ಕೊಡ್ಬೇಡಿ. ನಾಳೆ ನಾನ್ ಎರಡ್ ಜಡಿ ಹಾಯ್ಕಂಡೇ ಶಾಲಿಗ್ ಹೋತೆ."