‘ಬತ್ತೀನಿ’ ಎಂದ ಕೂಡಲೇ ಬಾಗಿಲು ಹಾಕಿದ್ದು

ಹೊರಡುವವರು ‘ಬತ್ತೀನಿ’ ಎನ್ನುವ ಊರಿನಲ್ಲಿ ನನ್ನಂಥವಳು ಹುಟ್ಟಬಾರದಿತ್ತು. ನಮ್ಮ ಕಡೆ ‘ಹೋಗ್ತೀನಿ’ ಎಂದರೆ ಅಪಶಕುನ. ಬತ್ತೀನಿ ಎಂದವರು ಹೋಗುತ್ತಾರೆ ಎಂದು ಚಿಕ್ಕಂದಿನಲ್ಲೇ ಹೇಗೋ ಬಾಯಿಪಾಠ ಮಾಡಿಕೊಂಡೆ. ಆದರೆ ಹಾಗೆಂದವರು ತಕ್ಷಣ ಹೋಗುವುದಿಲ್ಲ ಎಂಬುದನ್ನು ಯಾರೂ ಹೇಳಿಕೊಡಲಿಲ್ಲ. ಎದ್ದು ನಿಂತು ಒಮ್ಮೆ, ಚಪ್ಪಲಿ ಮೆಟ್ಟಿ ಒಮ್ಮೆ, ಗೇಟಿನ ಹತ್ತಿರ ಒಮ್ಮೆ ಹೇಳಬೇಕಂತೆ; ನಾವು ‘ಇರಿ, ಊಟ ಮಾಡ್ಕೊಂಡು ಹೋಗಿ’ ಎನ್ನಬೇಕಂತೆ. ಹೋಗುವ ಮನಸ್ಸಿಲ್ಲ ಎಂಬುದು ಮುಖ ನೋಡಿದರೇ ತಿಳಿಯುತ್ತದಂತೆ. ನನಗೆ ಮುಖದಲ್ಲಿ ಕಣ್ಣು, ಮೂಗು, ಬಾಯಿ ಕಾಣುತ್ತವೆ. ಈಚೆಗೆ ಡಾಕ್ಟರೊಬ್ಬರು ಇದಕ್ಕೆ ಆಟಿಸಂ ಎಂದು ಹೆಸರು ಕೊಟ್ಟರು. ನಮ್ಮಮ್ಮ ಅದಕ್ಕೂ ಮುಂಚೆ ಕೊಟ್ಟಿದ್ದ ಹೆಸರನ್ನು ಇಲ್ಲಿ ಬರೆಯುವಂತಿಲ್ಲ.

ನನ್ನ ಯಜಮಾನರ ಅಕ್ಕ ಜಯಮ್ಮ ಮಾಗಡಿ ಕಡೆಯ ಸೋಲೂರಿನವರು. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವರು. ಕಳೆದ ಅವರೆಕಾಯಿ ಕಾಲದಲ್ಲಿ ಚನ್ನಪಟ್ಟಣದ ನಮ್ಮ ಮನೆಗೆ ಒಂದು ಚೀಲ ಸೊಗಡವರೆ ಹೊತ್ತು ತಂದಿದ್ದರು. ಸಂಜೆ ಎದ್ದು “ಬತ್ತೀನಿ ಕಣವ್ವಾ” ಎಂದರು. “ಸರಿ ಅತ್ತಿಗೆ” ಎಂದೆ, ಬಾಗಿಲು ಹಾಕಿದೆ. ಅವರ ಸೆರಗಿನ ತುದಿ ಇನ್ನೂ ಒಳಗೇ ಇತ್ತು. ಅಂದಿನಿಂದ ಅವರು ಬರಲಿಲ್ಲ, ಫೋನೂ ಎತ್ತಲಿಲ್ಲ. ಊಟಕ್ಕೆ ಕೂತಾಗಲೆಲ್ಲ ಯಜಮಾನರು ಮಂಕಾಗುತ್ತಿದ್ದರು. ನನಗೂ ಸಂಕಟ, ಅತ್ತಿಗೆಯನ್ನು ಕಂಡರೆ ನನಗೆ ಬಹಳ ಇಷ್ಟ. ಹೇಗೆ ಸರಿಪಡಿಸುವುದೋ ತಿಳಿಯಲಿಲ್ಲ.

ಅಷ್ಟರಲ್ಲಿ ನಮ್ಮ ಬೀದಿಯ ನಿವೃತ್ತ ಟೀಚರ್ ಶಾರದಮ್ಮ ಸಮುದಾಯ ಭವನದಲ್ಲಿ ಒಂದು ಬಗೆಯ ನಾಟಕ ಶುರುಮಾಡಿದರು. ಬರೆದ ಮಾತಿಲ್ಲ, ತಾಲೀಮಿಲ್ಲ. ನನ್ನಂಥ ಬೇರೆ ಥರದ ತಲೆಯವರು ತಮಗಾದದ್ದನ್ನು ಹೇಳುವುದು, ಅಲ್ಲೇ ಎಲ್ಲರೂ ಸೇರಿ ಅದನ್ನು ಆಡಿ ತೋರಿಸುವುದು. ನಾನು ಬಾಗಿಲ ಕಥೆ ಹೇಳಿದೆ. ಟೀಚರ್ ಅತ್ತಿಗೆಯಾದರು. ಗೊಂಬೆಗಳಿಗೆ ಅರಗಿನ ಬಣ್ಣ ಹಚ್ಚುವ ಮುಬೀನಾ, “ನಾನ್ ಬಾಗ್ಲಾಯ್ತೀನಿ, ಮಾತಾಡೋದಿರಲ್ಲ” ಎಂದು ಕೈ ಚಾಚಿ ನಿಂತಳು. ನಾನು ನಾನೇ ಆದೆ. ಅದೊಂದು ಪಾತ್ರವಾದರೂ ಬರುತ್ತದೆಂಬ ಧೈರ್ಯ.

ಟೀಚರ್ “ಬರುತ್ತೇನಮ್ಮ” ಎಂದು ಸರಕ್ಕನೆ ಹೊರನಡೆದರು. ಹಿಂದಿನ ಕುರ್ಚಿಯಿಂದ ಗುಡುಗು ಬಂತು: “ಅಂಗಲ್ಲ ಕಣಮ್ಮೋ! ಬತ್ತೀನಿ ಅಂದ್ಬುಟ್ಟು ಯಾರಾರ ಒಂಟೋಯ್ತಾರಾ? ಒಸಿ ನಿಂತ್ಕೋಬೇಕು!” ತಿರುಗಿದರೆ, ನಿಜವಾದ ಅತ್ತಿಗೆ. ಯಜಮಾನರು ನನಗೂ ಹೇಳದೆ ಕರೆತಂದಿದ್ದರು. ಅತ್ತಿಗೆ ಟೀಚರನ್ನು ಪಕ್ಕಕ್ಕೆ ಸರಿಸಿ ತಾವೇ ಬಂದು ನಿಂತು, “ಬತ್ತೀನಿ ಕಣವ್ವಾ” ಎಂದರು. ಬಾಗಿಲು ನನ್ನ ಮುಖ ನೋಡಿತು. ಅದರ ಮುಖವೂ ನನಗೆ ಅರ್ಥವಾಗಲಿಲ್ಲ.

“ಅತ್ತಿಗೆ, ನಿಮಗೆ ಹೋಗ್ಬೇಕಾ, ಇರ್ಬೇಕಾ? ಮುಖ ನೋಡಿ ತಿಳ್ಕೊಳೋದು ನಂಗೆ ದೇವ್ರಾಣೆಗೂ ಬರಲ್ಲ. ಬಾಯಲ್ಲೇ ಹೇಳ್ಬುಡಿ” ಎಂದೆ.

“ಇದ್ನ ಅವತ್ತೇ ಯೋಳ್ಬಾರ್ದಾ? ಕೊಬ್ಬು ಅಂದ್ಕೊಂಡು ಒಲೆ ಮುಂದೆ ಕೂತು ಅತ್ತಿವ್ನಿ ಕಣೇ. ಇರಿ ಅಂದಿದ್ರೆ ಇದ್ದು, ಕಾಳೆಲ್ಲ ಇದುಕಿ ಕೊಟ್ಟೇ ಬತ್ತಿದ್ದೆ.” ನಾನು ಅತ್ತೆ. ಬಾಗಿಲೂ ಅತ್ತಿತು. ಟೀಚರ್ ಎಲ್ಲರಿಗೂ ಟೀ ತರಿಸಿದರು.

ಈಗ ಅತ್ತಿಗೆ ಮತ್ತೆ ಬರುತ್ತಾರೆ. ಹೊರಡುವಾಗ “ಇದು ಸುಮ್ಕೆ ಬತ್ತೀನಿ, ಬಾಗ್ಲಾಕ್ಬೇಡ” ಎನ್ನುತ್ತಾರೆ. ಒಂದಷ್ಟು ಹೊತ್ತಾದ ಮೇಲೆ, “ಇದು ದಿಟವಾದ್ದು” ಎನ್ನುತ್ತಾರೆ. ಮೊನ್ನೆ ದಿಟವಾದದ್ದನ್ನೂ ಹೇಳಿ ಆಗಿತ್ತು. ಆದರೆ ನನಗೆ ರೈಲಿನ ವಿಷಯ ಹತ್ತಿದರೆ ಬಿಡದು. ಯಾವ ರೈಲು ಎಲ್ಲಿ, ಯಾಕೆ ತಡವಾಗುತ್ತದೆಂದು ಗೇಟು ಹಿಡಿದುಕೊಂಡು ವಿವರಿಸುತ್ತಲೇ ಇದ್ದೆ. ಅತ್ತಿಗೆ ಒಮ್ಮೆ ರಸ್ತೆ ನೋಡುತ್ತಿದ್ದರು, ಒಮ್ಮೆ ನನ್ನನ್ನು ನೋಡುತ್ತಿದ್ದರು. ಪಾಪ, ಅವರಿಗೂ ರೈಲೆಂದರೆ ಬಹಳ ಇಷ್ಟವಿರಬೇಕು ಎಂದುಕೊಂಡೆ. ಕೊನೆಗೆ ಅವರು ಎರಡೂ ಕೈ ಮುಗಿದು ಹೇಳಿದರು: “ಬಾಗ್ಲಾಕ್ಕಳವ್ವಾ ತಾಯಿ, ಮಾಗಡಿ ಬಸ್ಸು ಒಂಟೋಯ್ತು!”