ಮೊದಲ ನಿಮ್ಮ ಬಚ್ಚಲ ತೋರಸ್ರಿ

ಯಾರರೇ ಮನಿಗಿ ಹೋದ್ರ ಮಂದಿ ದೇವರ ಖೋಲಿ ನೋಡ್ತಾರ, ಅಡಗಿಮನಿ ನೋಡ್ತಾರ. ನಾ ಬಚ್ಚಲ ನೋಡ್ತೇನಿ. ಹಿಂಗ ಬಚ್ಚಲ ನೋಡ್ಕೋತ ತಿರಗೋರಿಗಿ ಏನೇನ್ ಆಗ್ತದ ಅಂತ ಕೇಳಬ್ಯಾಡ್ರಿ, ಒಂದ ಮುಗೀತು ಅನ್ನೂದ್ರಾಗ ಇನ್ನೊಂದು ಬಂದು ನಿಂತಿರ್ತದ. ನಾ ಬೀದರದಾಗ ಸಾಲಿ ಅಕ್ಕೋರು. ಹಳೀ ಮನಿ ಪಾಲ ಪಾಲ ಮಾಡಿ ಕಿರಾಯಿಗಿ ಕೊಟ್ಟೇನಿ, ಅಂದ್ರ ಮಾಲಕಳೂ ಹೌದು. ನನ್ನ ಸಂಗಾಟ ತಿರಗೋರು ಭಾಲ್ಕಿ ಚಾಚಾ. ಅವರೂ ಮನಿ ಮಾಲಕ್ರೇ. ಅವರ ಚೀಲದಾಗ ಸುತ್ತಗಿ, ಉಳಿ, ಬ್ಯಾಟ್ರಿ ಇರ್ತಾವ. ನಾವಿಬ್ಬರೂ ಬಸ್ಸಿಳದ್ರ ಕಿರಾಯಿ ಮನಿ ಇಟ್ಟವರು ಬಾಗಿಲಾ ಹಾಕ್ಕೋತಾರ.

ನಗ್ರಿ, ನಗೋ ಮಾತೇ. ಆದ್ರ ನಾವ್ ಯಾಕ ತಿರಗ್ತೇವಿ ಅಂತ ಕೇಳಿದ್ರ ಅಳೂನೂ ಬರ್ತದ.

ಸಾವಿನ ಮನಿದಾಗ

ನನ್ನ ತಮ್ಮ ಭಾಲ್ಕಿದಾಗ ನೌಕರಿ ಮಾಡ್ತಿದ್ದ. ಚಾಚಾರ ಮನಿದಾಗ ಕಿರಾಯಿಗಿದ್ದ. ಅವಗ ಥಂಡಿ ಆಗಿಬರ್ತಿರಲಿಲ್ಲ. "ಹುಡುಗಗ ಬಿಸಿನೀರ ಸಿಗ್ಲಿ" ಅಂತ ಚಾಚಾನೇ ಬಚ್ಚಲದೊಳಗ ಗ್ಯಾಸ್ ಗೀಜರ್ ಕೂಡಿಸಿದ್ರು, ತಣ್ಣನ್ನ ಗಾಳಿ ಬರಬಾರದಂತ ಕಿಂಡಿಗಿ ಸಿಮೆಂಟ್ ಮೆತ್ತಿದ್ರು. ಪ್ರೀತಿಲಿಂದೇ ಮಾಡಿದ್ರು. ಒಂದಿನ ಮುಂಜಾನಿ ಸ್ನಾನಕ್ಕ ಹೋದ ನನ್ನ ತಮ್ಮ ಜೀವಂತ ಹೊರಗ ಬರಲಿಲ್ಲ. ಗಾಳಿ ಆಡದ ಜಾಗದಾಗ ಗ್ಯಾಸ್ ಉರದ್ರ ವಿಷಗಾಳಿ ಹುಟ್ತದಂತ, ಕಾರ್ಬನ್ ಮೊನಾಕ್ಸೈಡ್ ಅಂತ. ಬಣ್ಣಿಲ್ಲ, ವಾಸನಿಲ್ಲ. ಡಾಕ್ಟರು ಹೇಳಿದ ಮ್ಯಾಲೇ ನಮಗ ಆ ಹೆಸರು ಗೊತ್ತಾದದ್ದು.

ದಿನಕರ್ಮ ಮುಗಿಯೋ ಮೊದಲೇ ಚಾಚಾ ಬೀದರಕ್ಕ ಬಂದ್ರು. ಅವ್ವ ಅವರನ್ನ ನೋಡಿ ಮುಖಾ ಗ್ವಾಡಿ ಕಡಿ ತಿರುವಿ ಕೂತ್ಳು. ಬೈಲಿಲ್ಲ, ಶಾಪ ಹಾಕ್ಲಿಲ್ಲ, ಮಾತೇ ಬಿಟ್ಳು. ಚಾಚಾ ಅಂಗಳದಾಗ ನಿಂತು ನಿಂತು ಕಡಿಗಿ ನನಗ ಕೇಳಿದ್ರು, "ಬೇಟಿ, ಬಚ್ಚಲ ಎಲ್ಲಿ ಅದ?"

ಪಾಪ, ಹೋಗ್ಬೇಕಾಗಿರ್ಬೇಕು ಅಂತ ತೋರಿಸ್ದೆ. ಒಳಗ ಹೋದ ಮನುಷ್ಯಾ ಹೊರಗೇ ಬರವಲ್ಲರು. ಬಂದ ಬಳಗದವರು ಒಬ್ಬರ ಮುಖಾ ಒಬ್ಬರು ನೋಡ್ಲಾಕತ್ರು. "ಹೊಟ್ಟಿ ಕೆಟ್ಟಿರಬೇಕು" ಅಂದ ನಮ್ಮ ಸೋದರಮಾವ. ಆಮ್ಯಾಲ ಚಾಚಾ ಬಂದ್ರು ನೋಡ್ರಿ, ಹೆಗಲ ಮ್ಯಾಲ ನಮ್ಮ ಗೀಜರ್! ಸಿಲಿಂಡರ್ ಬಂದ್ ಮಾಡಿ, ಗ್ವಾಡಿಲಿಂದ ಬಿಚ್ಕೊಂಡೇ ಬಂದಾರ.

"ಇದು ಹೊರಗಿನ ಗ್ವಾಡಿಗಿ ಇರ್ಬೇಕು ಬೇಟಿ. ಒಳಗ ನೀರಷ್ಟೇ ಬರ್ಬೇಕು" ಅನ್ಕೋತ ಗೀಜರ್ ಅಂಗಳದಾಗ ಇಟ್ಟು, ಅದರ ಬಾಜೂಕೇ ಕೂತು ಅತ್ರು.

ನಮ್ಮ ಸೋದರಮಾವ ನನ್ನ ಕಿವಿಯಾಗ ಅಂದ, "ಸಾವಿನ ಮನಿಗಿ ಬಂದು ಸಾಮಾನ ಬಿಚ್ಚೋನ್ನ ಇದೇ ಮೊದಲ ನೋಡ್ದೆ."

ಔರಾದದ ಗ್ವಾಡಿ

ಆವತ್ತ ಬಸ್ ಸ್ಟ್ಯಾಂಡಿಗಿ ಬಿಡ್ಲಾಕ ಹೋದಾಗ ಚಾಚಾ ಅಂದ್ರು, "ನಿಮ್ಮವ್ವ ಬೈದಾದ್ರೂ ಬೈಲಿ ಬೇಟಿ, ಒಂದ್ ಮಾತ ಬೇಕು ನನಗ. ಅಲ್ಲಿತನಕಾ ಆ ಮನಿ ಯಾರಿಗೂ ಕೊಡಾಂಗಿಲ್ಲ." ಮಾತ ಸಿಗಲಿಲ್ಲ. ವರ್ಷದ ಮ್ಯಾಲ ವರ್ಷ ಹೋದ್ವು, ಭಾಲ್ಕಿ ಮನಿ ಬೀಗ ತೆರಿಲಿಲ್ಲ. ಚಾಚಾ ನಮ್ಮ ಮನಿಗಿ ಬಂದಾಗೆಲ್ಲಾ "ಸಲಾಮ್ ಅಮ್ಮಾ" ಅಂತಿದ್ರು, ಅವ್ವ ಎದ್ದು ಒಳಗ ಹೋಗ್ತಿದ್ಳು. ಆಮ್ಯಾಲ ನಾವಿಬ್ಬರೂ, ಇನ್ನೊಬ್ಬರ ಮನಿದಾಗ ಹಿಂಗ ಆಗಬಾರದಂತ, ಸುತ್ತಗಿ ಹಿಡಕೊಂಡು ಯಾವುದಾರ ಬಚ್ಚಲ ನೋಡ್ಲಾಕ ಹೊಂಡ್ತಿದ್ವಿ.

ಔರಾದದಾಗ ಒಬ್ಬ ಮಾಲಕ್ರು ಹೊಸಾ ಕಿರಾಯಿ ಖೋಲಿ ಕಟ್ಟಿಸಿದ್ರು. ಗೀಜರ್ ಬಚ್ಚಲದೊಳಗೇ ಇತ್ತು. "ಹ್ಯಾಂಗದ ನೋಡ್ರಿ ಅಕ್ಕೋರ! ಒಂದ್ ಸೊಳ್ಳಿ ಒಳಗ ಬರಾಂಗಿಲ್ಲ."

"ಸೊಳ್ಳಿ ಬರಾಂಗಿಲ್ಲ ಖರೇ ಸಾಹೇಬ್ರ, ಆದ್ರ ಒಳಗಿದ್ದವರ ಜೀವಾ ಹೋಗ್ತದ" ಅಂದ್ರು ಚಾಚಾ. ನನ್ನ ತಮ್ಮನ ಸುದ್ದಿ ಹೇಳಿದ್ರು. ಕೇಳಿದ ಮಾಲಕ್ರು ತಾವೇ ಗ್ವಾಡಿ ಮುಟ್ಟಿ ತೋರಿಸಿದ್ರು. "ಈಗಿಂದೀಗ ಕಿಂಡಿ ಹೊಡೀರಿ ಚಾಚಾ, ಈ ಗ್ವಾಡಿ ಆಚಿಗಿ ಬರೇ ಬಯಲ ಅದ" ಅಂದ್ರು.

ಚಾಚಾ ಉಳಿ ಹಚ್ಚಿ ಹೊಡದ್ರು. ಇಟ್ಟಂಗಿ ಅಲಗಾಡ್ತು, ತೂತ ಬಿತ್ತು, ಘಮ್ಮಂತ ರೊಟ್ಟಿ ವಾಸನಿ ಬಂತು. ಬಾಜೂದವರು ಬಯಲದಾಗ ಅಡಗಿಮನಿ ಕಟ್ಕೊಂಡಿದ್ದು ಮಾಲಕ್ರಿಗಿ ಲಕ್ಷ್ಯದಾಗೇ ಇರಲಿಲ್ಲ. ತೂತಿನ್ಯಾಗ ಬಗ್ಗಿ ನೋಡಿದ್ರ ಆಚಿಗಿ ಒಬ್ಬಾಕಿ ರೊಟ್ಟಿ ಬಡಿಯೋದು ಬಿಟ್ಟು ನಮ್ಮ ಉಳಿ ನೋಡ್ಲಾಕತ್ಯಾಳ.

"ಯಾರದೀರಿ ಅಲ್ಲಿ?"

ಚಾಚಾ ಭಾಳ ಮರ್ಯಾದಿಲಿಂದ ಅಂದ್ರು, "ಗಾಳಿ ಬಿಡ್ಲಾಕ ಬಂದೇವ್ರಿ ಬಾಯಿ."

"ಕರೆಂಟಿನವರು ಬಂದ್ರು, ನೀರಿನವರು ಬಂದ್ರು, ಈಗ ಗಾಳಿಯವರೂ ಬಂದ್ರಾ? ಮನಿಯವರು ಊರಾಗಿಲ್ಲ, ನಾಳಿ ಬರ್ರಿ!"

ಖಟಕ ಚಿಂಚೋಳಿ ಆಯಿ

ಆ ತೂತ ಮುಚ್ಚಿ, ಗೀಜರ್ ಹೊರಗ ಹಾಕಿಸಿ, ಬ್ಯಾರೇ ಕಡಿ ಕಿಂಡಿ ಬಿಡಿಸಿ ಬಂದ್ವಿ ಅನ್ರಿ. ಊರ ಬಚ್ಚಲೆಲ್ಲಾ ನೋಡೋ ನನಗ ನನ್ನ ಮನಿದಾಗೇ ಒಂದ್ ಕಾದಿತ್ತು.

ನಮ್ಮ ಕಿರಾಯಿದಾರರ ಮಗಳು ಬಾಣಂತನಕ್ಕ ತವರಿಗಿ ಬಂದಿದ್ಳು. ಆಕಿಗಿ ನೀರ್ ಹಾಕ್ಲಾಕ ಆಕಿ ಆಯಿ, ಅಂದ್ರ ಅವ್ವನ ಅವ್ವ, ಖಟಕ ಚಿಂಚೋಳಿಲಿಂದ ಬಂದ್ರು. ನಮ್ಮ ಗೀಜರ್ ಹೊರಗೇ ಅದ, ನನಗೇನ್ ಚಿಂತಿ ಅಂತ ಇದ್ದೆ. ಆಯಿ ಏನ್ ಮಾಡ್ಯಾರ, ಬಾಣಂತಿ ಖೋಲಿ ಖಿಡಕಿಗಿ ಕೌದಿ ತುರುಕಿ, ಬಾಗಿಲ ಸಂದಿಗಿ ಹಳೀ ಸೀರಿ ಗಿಡಿದು, ಮಂಚದ ಬಾಜೂಕ ನಿಗಿನಿಗಿ ಕೆಂಡದ ಅಗ್ಗಿಷ್ಟಿಗಿ ಇಟ್ಟಾರ. ಇದ್ದಲಿನಾಗಿಂದೂ ಅದೇ ವಿಷಗಾಳಿ ಬರ್ತದ. ಕೂಸಿನ ನೋಡ್ಲಾಕಂತ ಬಾಗಿಲಾ ತೆರದೆ, "ತಲಿ ಸಿಡೀಲಾಕತ್ಯಾದ್ರಿ ಅಕ್ಕೋರ" ಅಂದ್ಳು ಆ ಹುಡುಗಿ. ಅಗ್ಗಿಷ್ಟಿಗಿ ಎತ್ತಿ ಅಂಗಳಕ್ಕ ಒಯ್ದೆ, ಕೌದಿ ಜಗ್ಗಿ ಒಗದೆ, ತಾಯಿ ಕೂಸಿನ ಹೊರಗ ಕರ್ಕೊಂಡ ಬಂದು ದವಾಖಾನಿಗಿ ತೋರಿಸ್ಕೊಂಡು ಬಂದೆ. ಪುಣ್ಯಾ, ಏನೂ ಆಗಿರಲಿಲ್ಲ.

ಆಯಿ ಮಾತ್ರ ಕೆಂಡಾ ಆಗಿದ್ರು. "ಬಾಣಂತಿಗಿ ಗಾಳಿ ಹೊಡದ್ರ ನಾಳಿ ಸೊಂಟಾ ಹಿಡೀತದ. ಆವಾಗ ನೀ ಬಂದು ತಿಕ್ತಿಯೇನು? ಇಷ್ಟ ಮಕ್ಕಳನ್ನ ಹಡದೀನಿ, ನನಗ ಹೇಳ್ಲಾಕ ಬಂದ್ಳು!"

ತಮ್ಮನ ಸುದ್ದಿ ಹೇಳಿದೆ. ಎಷ್ಟ ಸಲಾ ಹೇಳಿದ್ರೂ ಆ ಸುದ್ದಿ ನನಗ ಸಲೀಸ ಆಗವಲ್ದು. ಆಯಿ ನನ್ನ ಗಲ್ಲ ಸವರಿ, "ಮದಿವಿ ಆಗಿತ್ತೇನವ್ವಾ ಅವಂದು?" ಅಂತ ಕೇಳಿದ್ರು. "ಇಲ್ಲ" ಅಂದೆ. ಸೆರಗಿಲೆ ಕಣ್ಣ ಒರಸ್ಕೋತ ಒಳಗ ಹೋದ್ರು.

ಮರದಿನ ಮುಂಜಾನಿ ನೋಡ್ತೇನಿ, ಖಿಡಕಿ ಬಾಗಿಲಾ ಎಲ್ಲಾ ತೆರದಾವ, ಅಗ್ಗಿಷ್ಟಿಗಿ ಅಂಗಳದಾಗೇ ಅದ. ಆದ್ರ ಮಂಚದ ಮ್ಯಾಲ ಬಾಣಂತಿ ಕಾಣವಲ್ಲಳು. ಸ್ವೆಟರ್ ಮ್ಯಾಲ ಸ್ವೆಟರ್, ಕಿವಿಯಾಗ ಹತ್ತಿ, ತಲಿಗಿ ಅಜ್ಜನ ಮಫ್ಲರ್, ಅದರ ಮ್ಯಾಲ ನಿನ್ನೆ ನಾ ಒಗದಿದ್ದ ಕೌದಿ. ಮೂಗೊಂದೇ ಹೊರಗದ.

"ಖೋಲಿಗಿ ಗಾಳಿ ಬರ್ಲಿ ಅಂದ್ರಿ, ಬಿಟ್ಟೇನಿ" ಅಂದ್ರು ಆಯಿ. "ಈಕಿಗಿ ಬರ್ಲಿ ಅಂತ ನೀವೇನ್ ಹೇಳಿಲ್ಲಲ್ಲ?"

ಮರಿ ಇದ್ದ ಮನಿ

ಭಾಲ್ಕಿದಾಗ ಒಬ್ಬ ಅಂಗಡಿಕಾರರ ಕಿರಾಯಿ ಮನಿ. ನಾವೇ ಬಿಡಿಸಿದ್ದ ಕಿಂಡಿ ಮುಂದಿನ ಸಲಾ ಹೋಗಿ ನೋಡಿದ್ರ ಪೂರಾ ಬಂದ್ ಆಗ್ಯಾದ. ಪಾರಿವಾಳ ಗೂಡ ಹಾಕಿ ಮರಿ ಮಾಡ್ಯಾದ. ಅಂಗಡಿಕಾರರು ಕೋಲ ತಂದ್ರು, ಚಾಚಾ ಅದನ್ನ ಕಸಗೊಂಡ್ರು. "ಮರಿ ಇದ್ದ ಮನಿ ಖಾಲಿ ಮಾಡಸ್ತೀರೇನ್ರಿ?" ಅಂದು ಬಾಜೂಕ ಇನ್ನೊಂದು ಕಿಂಡಿ ಹೊಡದು ಜಾಳಗಿ ಕೂಡಿಸಿದ್ರು.

ಅಂಗಡಿಕಾರರು ತಮ್ಮ ಕಿರಾಯಿದಾರಗ ಅಂದ್ರು, "ನೋಡಪಾ, ನಿನಗಿಂತ ಅದೇ ಚಲೋ. ಬಂದಾಗಿಂದ ಒಮ್ಮೆನೂ ನಲ್ಲಿ ಸೋರ್ತದ ಅಂದಿಲ್ಲ."

ಭಾಲ್ಕಿ ಬಾಗಿಲಾ

ಈ ವರ್ಷ ಹೊಸಾ ಜೋಡಿ ಒಂದು ಚಾಚಾರ ಆ ಮನಿ ಕೇಳ್ಲಾಕ ಬಂತು. ಚಾಚಾ ನನಗ ಫೋನ್ ಹಚ್ಚಿದ್ರು. "ಹೂಂ ಅನ್ಲಾಕ ಬಾಯಿ ಬರವಲ್ದು ಬೇಟಿ, ಊಂಹೂಂ ಅನ್ಲಾಕೂ ಬರವಲ್ದು. ಅಮ್ಮಗ ಕೇಳಿ ನೋಡು." ಕೇಳಿದೆ. ಮರದಿನ ಮುಂಜಾನಿ ಎದ್ದು ನೋಡಿದ್ರ ಅವ್ವ ಇಳಕಲ್ ಸೀರಿ ಉಟ್ಕೊಂಡು, ಚಪ್ಪಲ ಮೆಟ್ಕೊಂಡು ಕಟ್ಟಿ ಮ್ಯಾಲ ಕೂತಾಳ.

ಬಸ್ ಹಿಡದು ಭಾಲ್ಕಿಗಿ ಹೋದ್ವಿ. ಚಾಚಾ ಬೀಗ ತೆರದು ದೂರ ಸರದು ನಿಂತ್ರು. ಸಲಾಮ್ ಅನ್ನೋ ಧೈರ್ಯನೂ ಆಗಲಿಲ್ಲ ಅವರಿಗಿ. ಅವ್ವ ಅಡಗಿಮನಿ ನೋಡಿದ್ಳು, ತಮ್ಮ ಮಲಗ್ತಿದ್ದ ಖೋಲಿ ನೋಡಿದ್ಳು. ಆಮ್ಯಾಲ ಬಚ್ಚಲಕ್ಕ ಹೋಗಿ ಬಾಗಿಲಾ ಜಗ್ಗಿ ಮುಚ್ಕೊಂಡ್ಳು. ಒಳಗ ಈಗ ಗೀಜರ್ ಇಲ್ಲ, ಗ್ವಾಡಿಗಿ ದೊಡ್ಡ ಖಿಡಕಿ ಅದ, ಎಲ್ಲಾ ನಮಗ ಗೊತ್ತದ. ಆದ್ರೂ ನಾ ಬಾಗಿಲಿಗಿ ಹೋಗಿ ನಿಂತೆ.

"ಅವ್ವಾ" ಅಂದೆ. ಸಪ್ಪಳಿಲ್ಲ.

"ಅಮ್ಮಾ, ಅಮ್ಮಾ" ಅಂದ್ರು ಚಾಚಾ. ಸಪ್ಪಳಿಲ್ಲ.

ಚಾಚಾರ ಮುಖಾ ನೋಡ್ಲಾಕ ಆಗಲಿಲ್ಲ ನನಗ. "ಯಾ ಅಲ್ಲಾ" ಅಂದವರೇ ಹಿಂದ ಸರದು, ಓಡಿ ಬಂದು ಹೆಗಲಿಲೆ ಬಾಗಿಲಾ ಗುದ್ದಿದ್ರು. ಪ್ಲಾಸ್ಟಿಕಿನ ಬಾಗಿಲಾ ಫಟ್ ಅಂತು. ಇನ್ನೊಮ್ಮೆ ಗುದ್ದಿದ್ರು ನೋಡ್ರಿ, ಬಾಗಿಲಾ ನಡಕ ಮುರದು ಚಾಚಾ ಒಳಗ ಬಿದ್ರು, ಟೋಪಿ ಹಾರಿ ಬಕೀಟಿನಾಗ ಬಿತ್ತು.

ಅವ್ವ ಬಚ್ಚಲಗಲ್ಲಿನ ಮ್ಯಾಲ ಕೂತಿದ್ಳು. ಅತ್ತು ಅತ್ತು ಕಣ್ಣ ಕೆಂಪಾಗಿದ್ವು. ಬಿದ್ದ ಚಾಚಾರನ್ನ ನೋಡಿದ್ಳು, ಮುರದ ಬಾಗಿಲಾ ನೋಡಿದ್ಳು.

"ಚಿಲಕಾ ಹಾಕಿದ್ದಿಲ್ಲೋ ಹುಚ್ಚ ಮುದುಕಾ! ಹೊರಗ ಜಗ್ಗಿದ್ರ ತೆರೀತಿತ್ತು! ನನ್ನ ಮಗನ ಸಂಗಾಟ ಒಂದೀಟು ಕೂತ್ಕೊಳ್ಳಾಕೂ ಬಿಡಾಂಗಿಲ್ಲೇನು?"

ಚಾಚಾ ಬಿದ್ದಲ್ಲಿಂದ ಏಳಲಿಲ್ಲ. "ಆವತ್ತ ಬಾಗಿಲಾ ತಟ್ಟಿ, ಹುಡುಗ ಸಾವಕಾಶ ಮಾಡ್ಕೊಳ್ಲಿ ಅಂತ ಹೊಳ್ಳಿ ಹೋಗಿದ್ದೆ ಅಮ್ಮಾ. ಇವತ್ತ ಹ್ಯಾಂಗ ಹೋಗ್ಲಿ?" ಅಂದು ಚಿಕ್ಕ ಹುಡುಗನಂಗ ಅತ್ರು. ನಾನೂ ಅತ್ತೆ. ಆಮ್ಯಾಲ ಅವರಿಗೇನ್ ನೆನಪಾಯ್ತೋ, ಅಳೋ ಮುಖಾ ಎತ್ತಿ ನನ್ನ ಕಡಿ ನೋಡಿ ನಕ್ರು. "ಬೈದ್ರು ಬೇಟಿ! ಕೇಳಿದೇನು? ಅಮ್ಮ ನನಗ ಬೈದ್ರು!"

"ಇನ್ನಾ ಬೈತೇನಿ, ಮೊದಲ ಏಳು" ಅಂದ್ಳು ಅವ್ವ, ಬಕೀಟಿನಾಗಿಂದ ಟೋಪಿ ತಗದು ಹಿಂಡಿ ಅವರ ಕೈಯಾಗ ಇಡ್ಕೋತ. "ಆ ಹೊಸಾ ಹುಡುಗಿ ನಾಳಿ ಇಲ್ಲಿಗಿ ಬಂದ್ರ, ಬಾಗಿಲಾ ಇಲ್ಲದ ಬಚ್ಚಲದಾಗ ಸ್ನಾನ ಹ್ಯಾಂಗ ಮಾಡಬೇಕೋ ಮಾರಾಯಾ?"